ಬನಹಟ್ಟಿ ಸೀರೆಗೆ ಗೂಗಲ್ ಗಿರಾಕಿ ತಂದೀತೇ?

ಮುಧೋಳದ ಬೇಟೆನಾಯಿಯ ಹೆಸರು ಕೇಳದವರು ವಿರಳ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನೇ ಹೊರಡಿಸಿತು. ಆದರೆ ಊರವರು ‘ಮುಧೋಳ ನಾಯಿ’ ಎನ್ನುವುದನ್ನು ಇಂಗ್ಲಿಷ್ ಪತ್ರಿಕೆಗಳು ‘ಮುಧೋಳ ಹೌಂಡ್’ ಎನ್ನುತ್ತವೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಅದೇ ನಾಯಿ ‘ಕ್ಯಾರವಾನ್ ಹೌಂಡ್’! ನಾಯಿ ಒಂದೇ, ಹುಡುಕುವವರು ಮೂರು ಬಗೆ. ಸಾಕುವವನು ತನ್ನ ಜಾಲತಾಣದಲ್ಲಿ ಒಂದೇ ಹೆಸರು ಬರೆದು ಕುಳಿತರೆ ಉಳಿದವರು ಬೇರೆ ಬಾಗಿಲಿಗೆ ಹೋದಾರು. ಗಣಕಯಂತ್ರದವರು ‘ಕೀವರ್ಡ್’ ಎನ್ನುವುದು ಇದಕ್ಕೇ: ಹುಡುಕುವವನು ಬೆರಳಚ್ಚಿಸುವ ಪದ.

ಶೋಧಯಂತ್ರವು ಜಾಲತಾಣಗಳ ಪುಟಗಳನ್ನು ಮೊದಲೇ ಓದಿ, ಯಾವ ಪದ ಎಲ್ಲಿದೆ ಎಂಬ ಭಾರೀ ಪದಸೂಚಿಯನ್ನು ಸಿದ್ಧಪಡಿಸಿಕೊಂಡಿರುತ್ತದೆ. ಪುಸ್ತಕದ ಕೊನೆಯಲ್ಲಿರುತ್ತದಲ್ಲ, ಅಂಥದ್ದೇ. 1990ರ ದಶಕದಲ್ಲಿ ಪುಟದ ಮರೆಯಲ್ಲಿ, ಓದುಗನಿಗೆ ಕಾಣದಂತೆ ನೂರಾರು ಪದ ತುಂಬಿ ಶೋಧಯಂತ್ರವನ್ನು ಮರುಳು ಮಾಡುವವರಿದ್ದರು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಕಟ್ಟಿದ ಗೂಗಲ್, ಒಂದು ಪುಟಕ್ಕೆ ಬೇರೆ ಪುಟಗಳು ಎಷ್ಟು ಕೊಂಡಿ ಕೊಟ್ಟಿವೆ ಎಂಬುದನ್ನೂ ತೂಗಿತು. ಮರೆಯಲ್ಲಿಟ್ಟ ಆ ಕೀವರ್ಡ್ ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು 2009ರಲ್ಲಿ ಬಹಿರಂಗವಾಗಿಯೇ ಹೇಳಿತು.

ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳು ಜಮಖಂಡಿಯಲ್ಲಿ ಕಾಲೇಜು ಓದುತ್ತ, ಅಪ್ಪನ ಮಗ್ಗದ ಸೀರೆಗೊಂದು ಜಾಲತಾಣ ಮಾಡಲು ಹೊರಟಳು ಎಂದಿಟ್ಟುಕೊಳ್ಳಿ. ‘ಸೀರೆ’ ಎಂಬ ಬರೀ ಪದಕ್ಕೆ ದೊಡ್ಡ ದೊಡ್ಡ ಕಂಪನಿಗಳು ಗುದ್ದಾಡುತ್ತಿವೆ. ಅಲ್ಲಿ ಅವಳಿಗೆ ಜಾಗವಿಲ್ಲ. ‘ದಿನಬಳಕೆಗೆ ಬನಹಟ್ಟಿ ಹತ್ತಿ ಸೀರೆ’ ಎಂದು ಹುಡುಕುವವರು ಕಡಿಮೆ, ಆದರೆ ಅವರು ಕೊಳ್ಳಲೆಂದೇ ಬಂದವರು. ಅಂಥ ಪದಗಳು ಎಲ್ಲಿ ಸಿಗುತ್ತವೆ? ಸೀರೆ ಅಂಗಡಿಯಲ್ಲಿ ಅರ್ಧ ದಿನ ಕುಳಿತರೆ ಸಾಕು. ‘ಬಣ್ಣ ಬಿಡತೈತೇನ್ರೀ?’, ‘ಕುಪ್ಪಸದ ಬಟ್ಟಿ ಜೋಡಿ ಬರತೈತೇನು?’ ಎನ್ನುವ ಹೆಣ್ಣುಮಕ್ಕಳ ಪ್ರಶ್ನೆಗಳೇ ಕೀವರ್ಡ್‌ಗಳು. ಅವುಗಳಿಗೆ ನೇರ ಉತ್ತರ ಬರೆದು, ಮುಖ್ಯ ಪದವನ್ನು ಶೀರ್ಷಿಕೆಯಲ್ಲಿ, ಮೊದಲ ವಾಕ್ಯದಲ್ಲಿ, ಚಿತ್ರದ ವಿವರಣೆಯಲ್ಲಿ ಇಟ್ಟರಾಯಿತು. ಒಂದೇ ಪದವನ್ನು ಇಪ್ಪತ್ತು ಸಲ ತುರುಕಿದರೆ ಓದುವವನಿಗೂ ಬೇಸರ, ಗೂಗಲ್‌ಗೂ ಅನುಮಾನ. ಗಿರಾಕಿ ಬರಲಿ ಎಂದು ಇಳಕಲ್ ಸೀರೆಯಲ್ಲದ್ದಕ್ಕೆ ಆ ಹೆಸರು ಅಂಟಿಸುವುದಂತೂ ಕೂಡದು. ಅದು ಭೌಗೋಳಿಕ ಸೂಚಕ ಪಡೆದ ಹೆಸರು.

ಊರ ಹೆಸರಿನಲ್ಲೂ ತೊಡಕುಂಟು. ತೆಲಂಗಾಣದಲ್ಲಿಯೂ ಒಂದು ಮುಧೋಳ ಇದೆ. ಇಂಗ್ಲಿಷಿನಲ್ಲಿ ಬೀಳಗಿ ಎಂದು ಹುಡುಕಿದರೆ ಸಿದ್ದಾಪುರ ತಾಲ್ಲೂಕಿನ ಬಿಳಗಿ ಬಂದು ಕೂರಬಹುದು. ಜೊತೆಗೆ ‘ಬಾಗಲಕೋಟೆ ಜಿಲ್ಲೆ’ ಎಂದು ಸೇರಿಸಿದರೆ ಗೊಂದಲ ಕಳೆಯುತ್ತದೆ. ಈ ತಾಲ್ಲೂಕುಗಳು 1997ರವರೆಗೆ ಬಿಜಾಪುರ ಜಿಲ್ಲೆಯಲ್ಲಿದ್ದವು. ಆ ಬಿಜಾಪುರವೂ 2014ರಲ್ಲಿ ವಿಜಯಪುರವಾಯಿತು. ಹಳಬರು ಇನ್ನೂ ಹಳೆಯ ಹೆಸರಿನಲ್ಲೇ ಹುಡುಕುತ್ತಾರೆ.

ಕನ್ನಡದ ಕಷ್ಟ ಇನ್ನೂ ಒಂದು ಕೈ ಹೆಚ್ಚು. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಬರಹ ಕಣ್ಣಿಗೆ ಕನ್ನಡ, ಶೋಧಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್‌ನಲ್ಲಿ ಬರೆದರೆ ಮಾತ್ರ ಅದು ಕನ್ನಡವೆಂದು ತಿಳಿಯುತ್ತದೆ. ಬೆಲೆ, ವಿಳಾಸಗಳನ್ನು ಚಿತ್ರದೊಳಗೆ ಮುದ್ರಿಸಿ ಹಾಕುವುದೂ ಇಂಥದ್ದೇ ತಪ್ಪು. ಮೇಲಾಗಿ ನಮ್ಮ ಭಾಷೆಯಲ್ಲಿ ‘ಸೀರೆ’ ಎಂಬುದು ಸೀರೆಯ, ಸೀರೆಗೆ, ಸೀರೆಗಳು ಎಂದು ರೂಪ ಬದಲಿಸುತ್ತಲೇ ಇರುತ್ತದೆ. ಎಲ್ಲ ರೂಪಗಳನ್ನೂ ಯಂತ್ರ ಹಿಡಿದೀತೆಂದು ನಂಬುವ ಬದಲು ಮೂಲರೂಪವನ್ನು ಒಂದೆರಡು ಕಡೆ ಸಹಜವಾಗಿ ಬಳಸುವುದು ಜಾಣತನ.

ಪಾಲಕರು ಗಮನಿಸಬೇಕಾದ ಸಂಗತಿಯೊಂದಿದೆ. ‘ಗೂಗಲ್‌ನಲ್ಲಿ ಮೊದಲ ಸ್ಥಾನ, ಗ್ಯಾರಂಟಿ’ ಎಂದು ಸಾವಿರಗಟ್ಟಲೆ ಕೇಳುವವರು ಮನೆಬಾಗಿಲಿಗೆ ಬಂದಾರು. ಅಂಥ ಭರವಸೆ ಯಾರೂ ಕೊಡಲಾರರು ಎಂದು ಸ್ವತಃ ಗೂಗಲ್ಲೇ ಎಚ್ಚರಿಸುತ್ತದೆ. ಯಾವ ಪದದಿಂದ ಎಷ್ಟು ಜನ ಬಂದರೆಂದು ತೋರಿಸುವ ಅದರ ‘ಸರ್ಚ್ ಕನ್ಸೋಲ್’ ಉಚಿತ. ಪದವಿ ಓದುವ ಹುಡುಗ ಹುಡುಗಿಯರು ಕೆಲವೇ ದಿನಗಳಲ್ಲಿ ಅದನ್ನು ಕಲಿತಾರು. ಫಲ ಕಾಣಲು ತಿಂಗಳುಗಳೇ ಹಿಡಿಯಬಹುದು. ಆ ಸಾವಿರಗಳು ಅಷ್ಟರಲ್ಲಿ ನೂಲಿಗಾದರೂ ಆಗುತ್ತವೆ.