ಬುದ್ಧಿಯ ಅಳತೆಯೂ ಅಳೆಯುವವನ ಹೊಣೆಯೂ

ಭೌತಶಾಸ್ತ್ರದ ಪ್ರಯೋಗಶಾಲೆಗೆ ಬಂದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದು ಶೂನ್ಯದೋಷವನ್ನು ನೋಡುವುದನ್ನು. ವರ್ನಿಯರ್ ಕ್ಯಾಲಿಪರ್ಸಿನ ದವಡೆಗಳು ಒಂದಕ್ಕೊಂದು ತಗುಲಿರುವಾಗ ಉಪಕರಣವು ಸೊನ್ನೆಯನ್ನೇ ತೋರಿಸುವುದೆ? ಇಲ್ಲವಾದರೆ ಮುಂದಿನ ಅಳತೆಗಳನ್ನೆಲ್ಲ ಅಷ್ಟರ ಮಟ್ಟಿಗೆ ತಿದ್ದಿಕೊಳ್ಳಬೇಕು. ಇದನ್ನು ಮರೆತ ವಿದ್ಯಾರ್ಥಿಗೆ ಎರಡು ಅಂಕ ನಷ್ಟವಾದೀತು. ಅಳತೆಗೆ ಒಳಗಾದ ಲೋಹದ ಗುಂಡಿಗಂತೂ ಯಾವ ಬಾಧಕವೂ ಇಲ್ಲ. ಆದರೆ ಅಳೆಯಬೇಕಾದದ್ದು ಮನುಷ್ಯರ ಬುದ್ಧಿಯೇ ಆಗಿದ್ದಲ್ಲಿ?

ಮನಶ್ಶಾಸ್ತ್ರದಲ್ಲಿ ‘ಸಮಾಜಸೂಕ್ಷ್ಮ ಸಂಶೋಧನೆ’ ಎಂದು ಕರೆಯಬಹುದಾದ ಒಂದು ವರ್ಗವುಂಟು. ಜೋನ್ ಸೀಬರ್ ಮತ್ತು ಬಾರ್ಬರಾ ಸ್ಟಾನ್ಲಿ ಎಂಬ ಅಮೆರಿಕದ ವಿದುಷಿಯರು 1988ರಲ್ಲಿ ಇದರ ಲಕ್ಷಣವನ್ನು ನಿರೂಪಿಸಿದರು. ಪ್ರಯೋಗಕ್ಕೆ ಒಳಗಾದವರ ಮೇಲಾಗಲಿ, ಅವರು ಯಾವ ಸಮುದಾಯಕ್ಕೆ ಸೇರಿದವರೋ ಆ ಸಮುದಾಯದ ಮೇಲಾಗಲಿ ಸಾಮಾಜಿಕ ಪರಿಣಾಮ ಬೀರಬಲ್ಲ ಸಂಶೋಧನೆಯೇ ಅದು. ಈ ಲಕ್ಷಣದ ಉತ್ತರಾರ್ಧವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಪರೀಕ್ಷೆಯ ಕೊಠಡಿಯನ್ನು ಕಣ್ಣಿನಿಂದಲೂ ಕಾಣದವನಿಗೆ ಅದರಿಂದ ಹಾನಿಯಾಗುವುದು ಸಾಧ್ಯ.

ಅಮೆರಿಕವು 1917ರಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ರಾಬರ್ಟ್ ಯರ್ಕೀಸ್ ಎಂಬ ಮನಶ್ಶಾಸ್ತ್ರಜ್ಞನ ನೇತೃತ್ವದಲ್ಲಿ ಸೈನಿಕರ ಬುದ್ಧಿಪರೀಕ್ಷೆ ನಡೆಯಿತು. ಪರೀಕ್ಷೆಗೆ ಕುಳಿತವರು 17 ಲಕ್ಷಕ್ಕೂ ಮಿಕ್ಕಿದ್ದರು. ಇಂಗ್ಲಿಷ್ ಓದುಬರಹ ಬಲ್ಲವರಿಗೆ ‘ಆಲ್ಫಾ’, ಉಳಿದವರಿಗೆ ಚಿತ್ರರೂಪದ ‘ಬೀಟಾ’. ಆಲ್ಫಾದಲ್ಲಿದ್ದ ಒಂದು ಪ್ರಶ್ನೆ: ಕ್ರಿಸ್ಕೋ ಎಂಬುದು ಔಷಧಿಯೋ, ಕ್ರಿಮಿನಾಶಕವೋ, ದಂತಮಂಜನವೋ, ಆಹಾರವೋ? (ಅದು ಅಡುಗೆಯ ಕೊಬ್ಬಿನ ವ್ಯಾಪಾರನಾಮವಂತೆ, ನಮಗೂ ಈ ಪ್ರಶ್ನೆಗೆ ಸೊನ್ನೆಯೇ ದಕ್ಕುತ್ತಿತ್ತು.) ಬೀಟಾದ ಒಂದು ಚಿತ್ರದಲ್ಲಿ ಹೊಗೆಗೂಡಿಲ್ಲದ ಮನೆಯಿತ್ತು, ಇಲ್ಲದಿರುವುದನ್ನು ಬರೆದು ತುಂಬಬೇಕು. ಸಿಸಿಲಿಯಿಂದ ಬಂದಿದ್ದ ಒಬ್ಬ ಸೈನಿಕನು ತನ್ನ ನಾಡಿನ ಮನೆಗಳಲ್ಲಿ ಇರುವಂತೆ ಅಲ್ಲಿ ಶಿಲುಬೆಯನ್ನು ಬರೆದನು. ಉತ್ತರ ತಪ್ಪೆಂದು ಎಣಿಸಲಾಯಿತು. ಇದು ಬುದ್ಧಿಯ ಅಳತೆಯೋ, ಅಮೆರಿಕದ ಪರಿಚಯದ ಅಳತೆಯೋ?

ಈ ಅಂಕರಾಶಿಯನ್ನು ಆಧರಿಸಿ ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗಂ 1923ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ವಿದೇಶಗಳಲ್ಲಿ ಹುಟ್ಟಿದ ಸೈನಿಕರ ಅಂಕಗಳಲ್ಲಿ ಅವನಿಗೆ ಒಂದು ಕ್ರಮ ಗೋಚರಿಸಿತು. ಅಮೆರಿಕಕ್ಕೆ ಬಂದು ಐದು ವರ್ಷವೂ ತುಂಬದವರ ಅಂಕಗಳು ಕಡಿಮೆ. ವಾಸದ ಅವಧಿ ಹೆಚ್ಚಿದಂತೆ ಅಂಕಗಳೂ ಹೆಚ್ಚು. ಇಪ್ಪತ್ತು ವರ್ಷ ಮೀರಿದವರು ಅಲ್ಲಿಯೇ ಹುಟ್ಟಿದವರಿಗೆ ಹೆಚ್ಚುಕಡಿಮೆ ಸಮಾನರು. ಪ್ರಯೋಗಶಾಲೆಯ ಅಭ್ಯಾಸವುಳ್ಳ ಯಾರಿಗೇ ಆಗಲಿ ಇಲ್ಲಿ ಶೂನ್ಯದೋಷದ ಸಂಶಯ ಬರಬೇಡವೆ? ಬ್ರಿಗಂ ಆ ಸಾಧ್ಯತೆಯನ್ನು ತಳ್ಳಿಹಾಕಿದನು. ಹಿಂದೆ ಉತ್ತರ ಯೂರೋಪಿನಿಂದ ಬುದ್ಧಿವಂತರು ಬರುತ್ತಿದ್ದರು, ಈಚೆಗೆ ದಕ್ಷಿಣ ಮತ್ತು ಪೂರ್ವ ಯೂರೋಪುಗಳಿಂದ ಹೀನಬುದ್ಧಿಯವರು ಬರುತ್ತಿದ್ದಾರೆ ಎಂಬುದು ಅವನ ತೀರ್ಮಾನ. ಸಂಖ್ಯೆಗಳು ಸುಳ್ಳಾಗಿರಲಿಲ್ಲ, ಅವನ್ನು ಓದಿದ ಬಗೆ ಸುಳ್ಳಾಗಿತ್ತು.

ಮರುವರ್ಷ, ಎಂದರೆ 1924ರಲ್ಲಿ, ಅಮೆರಿಕದ ವಲಸೆ ಕಾನೂನು ಬಂದಿತು. 1890ರ ಜನಗಣತಿಯಲ್ಲಿ ಆಯಾ ದೇಶದಲ್ಲಿ ಹುಟ್ಟಿದವರು ಎಷ್ಟು ಮಂದಿ ಇದ್ದರೋ ಅದರ ನೂರಕ್ಕೆ ಎರಡರಷ್ಟು ಜನರಿಗೆ ಮಾತ್ರ ವರ್ಷಕ್ಕೆ ಪ್ರವೇಶ. 1890ನ್ನೇ ಆರಿಸಿದ್ದು ಆಕಸ್ಮಿಕವಲ್ಲ: ದಕ್ಷಿಣ ಮತ್ತು ಪೂರ್ವ ಯೂರೋಪಿನವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ. ಈ ಕಾನೂನಿಗೆ ಬ್ರಿಗಮನ ಗ್ರಂಥವೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ವಲಸೆಗಾರರ ಮೇಲಿನ ದ್ವೇಷ ಅದಕ್ಕಿಂತ ಹಳೆಯದು. ಗ್ರಂಥದ ಪ್ರಭಾವ ಎಷ್ಟೆಂಬುದರಲ್ಲಿ ಚರಿತ್ರಕಾರರಿಗೆ ಮತಭೇದವಿದೆ. ಆದರೂ ಆ ದ್ವೇಷಕ್ಕೆ ವಿಜ್ಞಾನದ ಮುದ್ರೆಯನ್ನು ಒತ್ತಿಕೊಟ್ಟ ಹೊಣೆಯಿಂದ ಅದು ತಪ್ಪಿಸಿಕೊಳ್ಳಲಾರದು.

ಪರೀಕ್ಷೆಗೆ ಒಳಪಡುವವನ ಸಮ್ಮತಿಯನ್ನು ಪಡೆಯಬೇಕು, ಅವನ ವಿವರಗಳನ್ನು ಗೋಪ್ಯವಾಗಿಡಬೇಕು ಎಂಬ ನಿಯಮಗಳು ಈಗ ಸರ್ವಮಾನ್ಯವಾಗಿವೆ. ಅವು ಅವಶ್ಯಕ, ನಿಜ. ಆದರೆ ಅಂದು ಆ ನಿಯಮಗಳಿದ್ದು, ಪ್ರತಿಯೊಬ್ಬ ಸೈನಿಕನ ಸಮ್ಮತಿ ಪಡೆದಿದ್ದರೂ ಹಡಗು ಹತ್ತಲು ಕಾದಿದ್ದ ಪೋಲೆಂಡಿನ ರೈತನಿಗೆ ಅದರಿಂದ ಏನು ಪ್ರಯೋಜನವಾಗುತ್ತಿತ್ತು? ಆದಕಾರಣವೇ ಸೀಬರ್ ಮತ್ತು ಸ್ಟಾನ್ಲಿ ಪ್ರಯೋಗದ ನಡೆವಳಿಕೆಯ ಜೊತೆಗೆ ಪ್ರಶ್ನೆಯನ್ನು ಹಾಕುವ ರೀತಿ, ಸಂಶೋಧನೆಗೆ ಆಶ್ರಯ ಕೊಟ್ಟ ಸಂಸ್ಥೆಯ ಸ್ವಭಾವ, ಫಲಿತಾಂಶದ ವ್ಯಾಖ್ಯಾನ ಮತ್ತು ಬಳಕೆ ಇವೆಲ್ಲವನ್ನೂ ನೀತಿವಿಚಾರದ ವ್ಯಾಪ್ತಿಗೆ ತಂದರು. ಇಂಥ ವಿಷಯಗಳ ಗೊಡವೆಯೇ ಬೇಡವೆನ್ನುವವರಿದ್ದಾರೆ. ಅವರಿಬ್ಬರೂ ಇದನ್ನು ಒಪ್ಪಲಿಲ್ಲ. ಕಷ್ಟದ ಪ್ರಶ್ನೆಯಿಂದ ದೂರ ಸರಿಯುವುದು ಹೊಣೆಗೇಡಿತನವೆಂದರು. ನಮಗೂ ಅದು ಸರಿಯೆಂದೇ ತೋರುತ್ತದೆ. ಬ್ರಿಗಮನ ತಪ್ಪು ಹೊರಬಿದ್ದದ್ದೂ ಮುಂದಿನ ಸಂಶೋಧನೆಯಿಂದಲೇ ಅಲ್ಲವೆ?

ತಪ್ಪನ್ನು ಮೊದಲಿನಿಂದಲೂ ಎತ್ತಿ ತೋರಿಸಿದ ವಿಮರ್ಶಕರು ಇದ್ದರು. ಕಡೆಗೆ ಬ್ರಿಗಮನೇ ಅದನ್ನು ಒಪ್ಪಿಕೊಂಡನು. 1930ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಪರೀಕ್ಷೆಯ ಬೇರೆಬೇರೆ ಭಾಗಗಳು ಒಂದೇ ಗುಣವನ್ನು ಅಳೆಯುವುದಿಲ್ಲವಾದ್ದರಿಂದ ಅವುಗಳ ಅಂಕಗಳನ್ನು ಕೂಡಿಸುವುದೇ ಸಲ್ಲದೆಂದನು. ಮೀಟರಿಗೆ ಸೆಕೆಂಡನ್ನು ಕೂಡಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ. ಭಿನ್ನ ಭಾಷೆಗಳ ಮನೆಗಳಲ್ಲಿ ಬೆಳೆದವರನ್ನು ಇಂಥ ಪರೀಕ್ಷೆಗಳಿಂದ ಹೋಲಿಸಲಾಗದೆಂದೂ, ತನ್ನ ಗ್ರಂಥವು ನಿರಾಧಾರವೆಂದೂ ಮುಚ್ಚುಮರೆಯಿಲ್ಲದೆ ಬರೆದನು. ಇಂಥ ಪ್ರಾಮಾಣಿಕತೆ ವಿಜ್ಞಾನಿಗಳಲ್ಲಿಯೂ ಅಪರೂಪ.

ಬ್ರಿಗಂ 1943ರಲ್ಲಿ ತೀರಿಕೊಂಡನು. ರಾಷ್ಟ್ರಮೂಲವನ್ನು ನೋಡಿ ಪ್ರವೇಶವನ್ನು ಹಂಚುವ ಪದ್ಧತಿಯನ್ನು ರದ್ದುಪಡಿಸುವ ಕಾನೂನು ಅಮೆರಿಕದಲ್ಲಿ ಬಂದದ್ದು 1965ರಲ್ಲಿ.