ಟ್ರೌಟ್ ಮೀನಿಗೆ ಗರಿಯ ನೊಣ

ಮೀನು ಹಿಡಿಯಬೇಕಾದರೆ ಗಾಳಕ್ಕೆ ಎರೆಹುಳು ಚುಚ್ಚಬೇಕು ಎಂದು ನಮಗೆಲ್ಲ ಗೊತ್ತು. ಟ್ರೌಟ್ ಎಂಬ ಮೀನಿನ ವಿಷಯದಲ್ಲಿ ಇನ್ನೊಂದು ದಾರಿ ಇದೆ. ಚಿಕ್ಕ ಗಾಳದ ಮೇಲೆ ದಾರ, ಹುಂಜದ ಗರಿ, ಮೊಲದ ತುಪ್ಪಟ ಇವುಗಳನ್ನು ಸುತ್ತಿ ಒಂದು ಸುಳ್ಳು ಕೀಟವನ್ನು ಮಾಡುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲೈ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಓದುತ್ತಿರುವ ನಮ್ಮ ಮಾಮುವಿನ ಮಗ ರಜೆಗೆ ಬಂದಾಗ ಇಂಥ ನಾಲ್ಕು ಫ್ಲೈಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ತಂದಿದ್ದರು. ಅಮ್ಮಿ ಮುಚ್ಚಳ ತೆಗೆದು ‘ಮಖ್ಖಿ!’ ಎಂದು ಡಬ್ಬಿಯನ್ನು ದೂರ ಇಟ್ಟರು. ಅಷ್ಟು ನಿಜವಾಗಿ ಕಾಣುತ್ತಿದ್ದವು. ಆಮೇಲೆ ಭಾಯಿಜಾನ್ ಹೇಳಿದ್ದು ಮತ್ತು ನಾನು ಓದಿ ತಿಳಿದದ್ದು ಸೇರಿ ಈ ಲೇಖನ.

ಟ್ರೌಟ್ ತಣ್ಣೀರಿನ ಮೀನು. ನಮ್ಮ ಊರಿನ ಕೆರೆಯಲ್ಲಿ ಅದು ಬದುಕುವುದಿಲ್ಲ. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲ, ದಕ್ಷಿಣದಲ್ಲಿ ನೀಲಗಿರಿ ಮತ್ತು ಮುನ್ನಾರ್ ಕಡೆಯ ಎತ್ತರದ ಹೊಳೆಗಳಲ್ಲಿ ಇದೆ. ಅದನ್ನು ಅಲ್ಲಿಗೆ ತಂದವರು ಬ್ರಿಟಿಷರು. ಆದರೆ ಫ್ಲೈ ಕಟ್ಟುವ ವಿದ್ಯೆ ಶಾಸ್ತ್ರದ ಹಾಗೆ ಬೆಳೆದದ್ದು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಎಂಬ ಪ್ರಾಂತ್ಯದಲ್ಲಿ, ಟೆಸ್ಟ್ ಮತ್ತು ಇಚೆನ್ ಎಂಬ ಎರಡು ನದಿಗಳ ದಡದಲ್ಲಿ. ಅವು ಸುಣ್ಣಕಲ್ಲಿನ ನೆಲದಿಂದ ಉಕ್ಕಿ ಬರುವ ನದಿಗಳು. ನೀರು ಗಾಜಿನಂತೆ ತಿಳಿಯಾಗಿರುತ್ತದೆ. ಮೀನಿಗೆ ಮನುಷ್ಯ ಕಾಣುತ್ತಾನೆ, ಮನುಷ್ಯನಿಗೆ ಮೀನು ಕಾಣುತ್ತದೆ. ಆದ್ದರಿಂದ ಅಲ್ಲಿ ಒರಟು ಕೆಲಸ ನಡೆಯುವುದಿಲ್ಲ.

ಮೀನು ಏನು ತಿನ್ನುತ್ತದೆ ಎಂದು ತಿಳಿಯದೆ ಫ್ಲೈ ಕಟ್ಟಲು ಆಗುವುದಿಲ್ಲ. ಟ್ರೌಟ್‌ನ ಮುಖ್ಯ ಆಹಾರದಲ್ಲಿ ಮೇಫ್ಲೈ ಎಂಬ ಕೀಟವೂ ಒಂದು. ಅದರ ಬದುಕು ವಿಚಿತ್ರ. ಮೊಟ್ಟೆಯೊಡೆದ ಮೇಲೆ ಅದು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ಒಂದೆರಡು ವರ್ಷ, ನೀರಿನ ತಳದಲ್ಲಿ ಕಲ್ಲುಗಳ ನಡುವೆ ಅಥವಾ ಕೆಸರಿನಲ್ಲಿ ಇರುತ್ತದೆ. ಈ ಹಂತಕ್ಕೆ ನಿಂಫ್ ಎನ್ನುತ್ತಾರೆ. ಒಂದು ದಿನ ಅದು ಮೇಲೆ ಈಜಿ ಬಂದು, ನೀರಿನ ಮೇಲೆಯೇ ಚರ್ಮ ಬಿಟ್ಟು, ರೆಕ್ಕೆ ಬಿಚ್ಚಿ ಹಾರುತ್ತದೆ. ಮತ್ತೊಮ್ಮೆ ಚರ್ಮ ಬಿಡುತ್ತದೆ. ರೆಕ್ಕೆ ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ, ಏಕೆಂದರೆ ಅದರ ಬಾಯಿ ಕೆಲಸಕ್ಕೆ ಬರುವುದಿಲ್ಲ. ಕೂಡಿ, ಮೊಟ್ಟೆಯಿಟ್ಟು, ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಸತ್ತು ನೀರಿನ ಮೇಲೆ ಬೀಳುತ್ತದೆ. ತಳದಲ್ಲಿರುವಾಗ, ಏಳುವಾಗ, ತೇಲುವಾಗ, ಬೀಳುವಾಗ, ಪ್ರತಿ ಹಂತದಲ್ಲೂ ಟ್ರೌಟ್ ಅದಕ್ಕಾಗಿ ಕಾಯುತ್ತಿರುತ್ತದೆ. ಅದಕ್ಕೇ ಒಂದೇ ಕೀಟಕ್ಕೆ ನಾಲ್ಕೈದು ತರಹದ ಫ್ಲೈಗಳು.

ಇಲ್ಲೇ ಜಗಳ ಶುರುವಾದದ್ದು. ಫ್ರೆಡರಿಕ್ ಹಾಲ್ಫರ್ಡ್ ಎಂಬವರು 1886ರಲ್ಲಿ ತೇಲುವ ಫ್ಲೈಗಳನ್ನು ಕಟ್ಟುವ ಬಗ್ಗೆ ಒಂದು ಪುಸ್ತಕ ಬರೆದರು. ನದಿಯ ಮೇಲೆ ತೇಲುವ ಕೀಟವನ್ನು ಹಿಡಿದು ನೋಡಿ, ಅದರ ಬಣ್ಣ, ಬಾಲ, ರೆಕ್ಕೆ ಎಲ್ಲವನ್ನೂ ಹಾಗೇ ನಕಲು ಮಾಡಬೇಕು, ಮೀನು ಮೇಲೆ ಬಂದು ತಿನ್ನುವುದನ್ನು ಕಣ್ಣಾರೆ ಕಂಡ ಮೇಲೆಯೇ ಅದರ ಮುಂದೆ ಫ್ಲೈ ಬಿಡಬೇಕು ಎಂಬುದು ಅವರ ಮಾರ್ಗ. ಅವರ ಶಿಷ್ಯರು ಇದನ್ನು ಕಾನೂನನ್ನೇ ಮಾಡಿಬಿಟ್ಟರು. ಮುಳುಗುವ ಫ್ಲೈ ಬಳಸಿದವನು ಮರ್ಯಾದಸ್ಥನಲ್ಲ ಎಂಬ ಮಾತು ಬಂತು.

ಸ್ಕೂಸ್ ಎಂಬ ಒಬ್ಬ ವಕೀಲರು ಇಚೆನ್ ನದಿಯಲ್ಲಿ ವರ್ಷಗಟ್ಟಲೆ ಮೀನು ಹಿಡಿದು, ಅದರ ಹೊಟ್ಟೆಯಲ್ಲಿ ಏನಿದೆ ಎಂದೂ ಪರೀಕ್ಷಿಸುತ್ತಿದ್ದರು. ಸಿಗುತ್ತಿದ್ದದ್ದು ಹೆಚ್ಚಾಗಿ ನಿಂಫ್‌ಗಳು. ಮೀನು ನೀರಿನೊಳಗೇ ಹೆಚ್ಚು ತಿನ್ನುತ್ತಿರುವಾಗ ಅದಕ್ಕೆ ಮೇಲಿನ ನೊಣವನ್ನೇ ಯಾಕೆ ತೋರಿಸಬೇಕು ಎಂದು ಅವರು ಕೇಳಿದರು. 1910ರಲ್ಲಿ ಪುಸ್ತಕವನ್ನೂ ಬರೆದರು. 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್‌ನಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಅದೇ ವರ್ಷ ಸ್ಕೂಸ್ ತಾವು ದಶಕಗಳ ಕಾಲ ಮೀನು ಹಿಡಿದಿದ್ದ ಆ ನೀರನ್ನು ಬಿಟ್ಟು ಹೋದರು. ಮೀನಿನ ಹೊಟ್ಟೆಯಲ್ಲಿ ಸಾಕ್ಷಿ ಇಟ್ಟುಕೊಂಡಿದ್ದ ವಕೀಲರಿಗೇ ಅಲ್ಲಿ ಜಾಗವಿರಲಿಲ್ಲ. ನನ್ನ ಮಟ್ಟಿಗೆ ಸ್ಕೂಸ್ ಅವರದೇ ಸರಿ. ಹಾಲ್ಫರ್ಡ್ ಹೇಳಿದ್ದು ಹೇಗೆ ಆಡಿದರೆ ಚೆಂದ ಎಂಬುದನ್ನು, ಸ್ಕೂಸ್ ಹೇಳಿದ್ದು ಮೀನು ಏನು ಮಾಡುತ್ತಿದೆ ಎಂಬುದನ್ನು.

ಸ್ಕೂಸ್ ಅವರ ದಾರಿಯನ್ನು ಮುಂದುವರಿಸಿದವರು ಫ್ರಾಂಕ್ ಸಾಯರ್. ಇವರು ಸಾಹೇಬರಲ್ಲ, ಏವನ್ ಎಂಬ ನದಿಯನ್ನು ಕಾಯುವ ಕೆಲಸದವರು. ಇವರು ಕಟ್ಟಿದ ಫೆಸೆಂಟ್ ಟೇಲ್ ನಿಂಫ್ ಇಂದಿಗೂ ಲೋಕದ ಎಲ್ಲಾ ಟ್ರೌಟ್ ಹೊಳೆಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಬೇಕಾದದ್ದು ಎರಡೇ ವಸ್ತು: ಫೆಸೆಂಟ್ ಎಂಬ ಹಕ್ಕಿಯ ಬಾಲದ ಕಂದು ಗರಿ ಮತ್ತು ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ದಾರವೇ ಇಲ್ಲ.

ಕಟ್ಟುವುದು ಹೀಗೆ. ಗಾಳವನ್ನು ಮೇಜಿಗೆ ಬಿಗಿದ ಚಿಕ್ಕ ವೈಸ್‌ನಲ್ಲಿ ಸಿಕ್ಕಿಸುತ್ತಾರೆ. ಗಾಳದ ನಂಬರ್ ಹೆಚ್ಚಾದಷ್ಟೂ ಗಾಳ ಚಿಕ್ಕದು, 14 ಎಂದರೆ ಸಾಧಾರಣ ಅಳತೆ. ತಾಮ್ರದ ತಂತಿಯನ್ನು ಗಾಳದ ಮೈಮೇಲೆ ಒತ್ತಾಗಿ ಸುತ್ತಿ, ಮುಂದಿನ ಭಾಗದಲ್ಲಿ ಇನ್ನೂ ಕೆಲವು ಸುತ್ತು ಹಾಕಿ ಒಂದು ಗುಬ್ಬು ಮಾಡಬೇಕು. ಅದು ಕೀಟದ ಎದೆ. ನಂತರ ಗರಿಯಿಂದ ನಾಲ್ಕು ಎಳೆಗಳನ್ನು ಕಿತ್ತು, ಅವುಗಳ ತುದಿಗಳು ಹಿಂದಕ್ಕೆ ಸ್ವಲ್ಪ ಚಾಚುವಂತೆ ಕಟ್ಟಬೇಕು. ಆ ತುದಿಗಳೇ ಬಾಲ. ಉಳಿದ ಎಳೆಗಳನ್ನು ತಂತಿಯ ಜೊತೆ ಹೊಸೆದು ಮುಂದಿನವರೆಗೆ ಸುತ್ತಿದರೆ ಹೊಟ್ಟೆ ಆಯಿತು. ತಂತಿಯೊಡನೆ ಹೊಸೆದಿರುವುದರಿಂದ ಮೀನಿನ ಹಲ್ಲು ತಾಗಿದರೂ ಎಳೆ ಬೇಗ ಹರಿಯುವುದಿಲ್ಲ. ಕೊನೆಗೆ ಎಳೆಗಳನ್ನು ಮಾತ್ರ ಬಿಡಿಸಿ, ಎದೆಯ ಗುಬ್ಬಿನ ಮೇಲೆ ಹಿಂದಕ್ಕೆ ಮುಂದಕ್ಕೆ ಎರಡು ಮೂರು ಸಲ ಮಡಚಿ ತಂತಿಯಿಂದ ಬಿಗಿದರೆ ಮುಗಿಯಿತು.

ಕಾಲುಗಳೆಲ್ಲಿ ಎಂದು ನೀವು ಕೇಳಬಹುದು. ನಿಂಫ್ ಈಜುವಾಗ ಕಾಲುಗಳನ್ನು ಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ಸಾಯರ್ ನದಿಯಲ್ಲಿ ನೋಡಿದ್ದರು. ಆದ್ದರಿಂದ ಕಾಲು ಕಟ್ಟಲೇ ಇಲ್ಲ. ನೋಡಿದ್ದರಿಂದ ಕೆಲಸ ಕಡಿಮೆಯಾಯಿತು, ಫ್ಲೈ ಬೇಗ ಮುಳುಗುವಂತೆಯೂ ಆಯಿತು.

ನಮ್ಮ ಖಾಲಾ ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆ. ಈ ಕ್ರಮವನ್ನು ಅವರಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಳೆತ ಒಂದೇ ಸಮ ಇರಬೇಕಲ್ವಾ?’ ಇಡೀ ವಿದ್ಯೆಯ ಗುಟ್ಟು ಅದೇ. ಸಡಿಲವಾದರೆ ಸುತ್ತಿದ್ದೆಲ್ಲ ಗಾಳದ ಸುತ್ತ ತಿರುಗುತ್ತದೆ, ಹೆಚ್ಚು ಬಿಗಿದರೆ ತಂತಿ ತುಂಡಾಗುತ್ತದೆ.

ಇನ್ನು ಆಯ್ಕೆಯ ಮಾತು. ಡಬ್ಬಿಯಲ್ಲಿ ಐವತ್ತು ಫ್ಲೈ ಇದ್ದರೂ ದಡಕ್ಕೆ ಹೋದ ಕೂಡಲೇ ಗಾಳ ಎಸೆಯುವವರು ಬಲ್ಲವರಲ್ಲ. ಮೊದಲು ನೀರನ್ನು ನೋಡಬೇಕು. ಮೀನಿನ ಮೂತಿ ಮೇಲೆ ಬಂದು ಉಂಗುರದಂತೆ ಅಲೆ ಎದ್ದರೆ ಅದು ತೇಲುವುದನ್ನು ತಿನ್ನುತ್ತಿದೆ. ಮೂತಿ ಕಾಣದೆ ನೀರು ಉಬ್ಬಿದಂತಾದರೆ ಮೇಲ್ಮೈಯ ಕೆಳಗೇ ನಿಂಫ್ ಹಿಡಿಯುತ್ತಿದೆ. ಏನೂ ಕಾಣದಿದ್ದರೆ ಹೊಳೆಯ ಕಲ್ಲೊಂದನ್ನು ತಿರುಗಿಸಿ ಅದರ ಅಡಿಯಲ್ಲಿ ಏನು ಹರಿದಾಡುತ್ತಿದೆ ಎಂದು ನೋಡುತ್ತಾರೆ. ಅಳತೆ ಮೊದಲು, ಆಕಾರ ಆಮೇಲೆ, ಬಣ್ಣ ಕೊನೆಗೆ ಎಂಬುದು ಅನುಭವಿಗಳ ಲೆಕ್ಕ. ಇದಕ್ಕೆ ಕಾರಣವೂ ಇದೆ. ನೀರೊಳಗಿನ ಮೀನಿಗೆ ಹೊರಗಿನ ಲೋಕ ಸುಮಾರು 97 ಡಿಗ್ರಿ ಅಗಲದ ಒಂದು ದುಂಡನೆಯ ಕಿಟಕಿಯ ಮೂಲಕ ಮಾತ್ರ ಕಾಣುತ್ತದೆ. ಬೆಳಕಿನ ವಕ್ರೀಭವನ ಓದಿರುವ ಸೈನ್ಸ್ ಸೆಕ್ಷನ್ ಗೆಳೆಯರು ಇದನ್ನು ಲೆಕ್ಕ ಹಾಕಿ ನೋಡಬಹುದು. ತೇಲುವ ಫ್ಲೈ ಮೀನಿಗೆ ಹೆಚ್ಚಾಗಿ ಆಕಾಶದ ಎದುರು ಕಪ್ಪು ಆಕಾರವಾಗಿ ಕಾಣುತ್ತದೆ. ಇನ್ನೊಂದು, ಎಷ್ಟು ಚೆನ್ನಾಗಿ ಕಟ್ಟಿದ ಫ್ಲೈ ಆದರೂ ದಾರ ಎಳೆದು ಅದು ಹರಿವಿಗಿಂತ ಬೇರೆ ವೇಗದಲ್ಲಿ ಹೋದರೆ ಮೀನು ಮುಖ ತಿರುಗಿಸುತ್ತದೆ.

ಯಾವ ಕೀಟವನ್ನೂ ಸರಿಯಾಗಿ ಹೋಲದ ಫ್ಲೈಗಳೂ ಗೆದ್ದಿವೆ. ಅಮೆರಿಕದ ಮಿಷಿಗನ್‌ನಲ್ಲಿ 1922ರಲ್ಲಿ ಲೆನರ್ಡ್ ಹ್ಯಾಲಡೇ ಎಂಬವರು ಕಟ್ಟಿದ ಆಡಮ್ಸ್ ಅಂಥದ್ದು. ಬೂದು ಮೈ, ಅದರ ಸುತ್ತ ಕಂದು ಗರಿ ಮತ್ತು ಕಪ್ಪು ಬಿಳುಪು ಪಟ್ಟೆಯ ಹುಂಜದ ಗರಿ. ಗರಿಯ ಗಟ್ಟಿ ಎಳೆಗಳು ನೀರಿನ ಮೇಲೆ ನಿಂತು ಫ್ಲೈಯನ್ನು ತೇಲಿಸುತ್ತವೆ.

ಈ ಹುಂಜದ ಗರಿಯ ವ್ಯಾಪಾರ ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಉದ್ದ, ತೆಳು, ಗಟ್ಟಿ ಗರಿಗಾಗಿಯೇ ಅಮೆರಿಕದಲ್ಲಿ ತಲೆಮಾರುಗಳಿಂದ ಆರಿಸಿ ಬೆಳೆಸಿದ ಕೋಳಿ ತಳಿಗಳಿವೆ. 2011ರಲ್ಲಿ ಅಲ್ಲಿನ ಹುಡುಗಿಯರಲ್ಲಿ ಇದೇ ಗರಿಯನ್ನು ಕೂದಲಿಗೆ ಸೇರಿಸಿಕೊಳ್ಳುವ ಫ್ಯಾಷನ್ ಹುಟ್ಟಿತು. ಬ್ಯೂಟಿ ಪಾರ್ಲರ್‌ನವರು ಮೀನುಗಾರರ ಅಂಗಡಿಗಳನ್ನು ಖಾಲಿ ಮಾಡಿದರು, ಬೆಲೆ ಹಲವು ಪಟ್ಟು ಏರಿತು. ಬೇಡಿಕೆ ಒಂದು ವಾರದಲ್ಲಿ ಏರಬಹುದು. ಹುಂಜಕ್ಕೆ ಅಂಥ ಗರಿ ಬರಲು ಸುಮಾರು ಒಂದು ವರ್ಷ ಬೇಕು. ಪೂರೈಕೆಯ ಸ್ಥಿತಿಸ್ಥಾಪಕತ್ವ ಎಂಬ ಪಾಠಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ.

ಗರಿಯ ಆಸೆ ಇದಕ್ಕಿಂತ ಕೆಟ್ಟ ಕೆಲಸವನ್ನೂ ಮಾಡಿಸಿದೆ. ಟ್ರೌಟ್‌ನ ಸಂಬಂಧಿಯಾದ ಸಾಲ್ಮನ್ ಮೀನಿಗೆ ನೂರೈವತ್ತು ವರ್ಷಗಳ ಹಿಂದೆ ಬಣ್ಣಬಣ್ಣದ ಫ್ಲೈ ಕಟ್ಟುತ್ತಿದ್ದರು. ಈಗಲೂ ಕೆಲವರು ಗೋಡೆಗೆ ತೂಗುಹಾಕಲೆಂದೇ ಅವನ್ನು ಕಟ್ಟುತ್ತಾರೆ. ಅದಕ್ಕೆ ಬೇಕಾದ ಅಪರೂಪದ ಗರಿಗಳಿಗಾಗಿ 2009ರಲ್ಲಿ ಇಪ್ಪತ್ತು ವರ್ಷದ ಒಬ್ಬ ಸಂಗೀತ ವಿದ್ಯಾರ್ಥಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನ ಕಿಟಕಿ ಒಡೆದು 299 ಹಕ್ಕಿಗಳ ಚರ್ಮಗಳನ್ನು ಕದ್ದ. ಮೀನಿಗೆ ಆ ಗರಿಗಳು ಬೇಕೇ ಇರಲಿಲ್ಲ.

ಈ ಕಥೆಯಲ್ಲಿ ನಮ್ಮ ಕಾಡಿನ ಒಂದು ಹಕ್ಕಿಯೂ ಇದೆ. ಕೊಡಗು, ಮಲೆನಾಡು, ಬಂಡೀಪುರದ ಕಡೆ ಬೆಳಗಿನ ಜಾವ ಕೂಗುವ ಬೂದು ಕಾಡುಕೋಳಿ. ಅದರ ಹುಂಜದ ಕತ್ತಿನ ಗರಿಗಳ ಮೇಲೆ ಅರಗು ಹಚ್ಚಿದಂತೆ ಹೊಳೆಯುವ ಬಿಳಿ ಮತ್ತು ಹಳದಿ ಚುಕ್ಕೆಗಳಿರುತ್ತವೆ. ಫ್ಲೈಯ ಪಕ್ಕಕ್ಕೆ ಅದನ್ನು ಕಟ್ಟಿದರೆ ಮರಿಮೀನಿನ ಕಣ್ಣಿನಂತೆ ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಕತ್ತುಗಳು ರಾಶಿಗಟ್ಟಲೆ ಹಡಗಿನಲ್ಲಿ ಹೋದವು. ಭಾರತ ಈ ರಫ್ತನ್ನು ದಶಕಗಳ ಹಿಂದೆಯೇ ನಿಲ್ಲಿಸಿತು, ಹಕ್ಕಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಸಿಕ್ಕಿತು. ಈಗ ಅದನ್ನು ಇಂಗ್ಲೆಂಡಿನಲ್ಲೇ ಸಾಕಿ ಗರಿ ತೆಗೆಯುತ್ತಾರೆ, ಬೆಲೆ ದುಬಾರಿ. ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿದ ನಕಲಿ ಚುಕ್ಕೆಯ ಗರಿಗಳೂ ಅಂಗಡಿಗೆ ಬಂದಿವೆ. ಭಾಯಿಜಾನ್ ತಂದ ನಾಲ್ಕರಲ್ಲಿ ಒಂದರ ಪಕ್ಕದಲ್ಲಿ ಇದ್ದದ್ದು ಅಂಥದ್ದೇ.