ಬಾವಿಯೊಳಗಿನ ಕಣ್ಣಿಲ್ಲದ ಒಕ್ಕಲು

ಮರಳವಾಡಿಯಿಂದ ಕನಕಪುರಕ್ಕೆ ಬಸ್ಸಿನಲ್ಲಿ ಹೊರಟರೆ ಕಿಟಕಿಯಾಚೆ ಕಾಣುವುದು ಬಂಡೆ, ಹಿಪ್ಪುನೇರಳೆ ತೋಟ, ಬೋರ್‌ವೆಲ್ಲು. ಬಂಡೆಯ ಸೀಳಿನೊಳಗೆ ನಿಂತ ನೀರು ಮಾತ್ರ ಯಾರ ಕಣ್ಣಿಗೂ ಬೀಳದು. ಬೋರು ಕೊರೆಸಿದವನನ್ನು ಊರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಇಂಚು ಬಂತು?’ ಆ ನೀರಿನಲ್ಲಿ ಯಾರಾದರೂ ವಾಸ ಇದ್ದಾರೆಯೇ ಎಂದು ಕೇಳಿದವರುಂಟೆ?

ಅಂತರ್ಜಲದಲ್ಲೂ ಒಕ್ಕಲು ಉಂಟು. ಸಿಗಡಿ, ಏಡಿಗಳ ದಾಯಾದಿಗಳು. ಅಕ್ಕಿಕಾಳಿಗಿಂತ ಸಣ್ಣವೂ ಇವೆ. ಮೈಗೆ ಬಣ್ಣವಿಲ್ಲ, ಕಣ್ಣೂ ಇಲ್ಲ. ಕತ್ತಲಲ್ಲಿ ಕಣ್ಣಿಟ್ಟುಕೊಂಡು ಮಾಡೋದೇನು ಹೇಳಿ?

ಕಾಶಿಯ ಬಾವಿಗಳಲ್ಲಿ ಸಿಕ್ಕ ಇಂಥದೊಂದು ಜೀವಿಗೆ 1950ರಲ್ಲಿ ಚೋಪ್ರಾ ಮತ್ತು ತಿವಾರಿ ಎಂಬ ವಿಜ್ಞಾನಿಗಳು ‘ನಿಕೋಲ್ಸಿಯ ಕಾಶಿಯೆನ್ಸೆ’ ಎಂದು ಊರಿನ ಹೆಸರನ್ನೇ ಇಟ್ಟರು. 2011ರಲ್ಲಿ ರಂಗಾರೆಡ್ಡಿ ಮತ್ತು ಆಸ್ಟ್ರೇಲಿಯಾದ ವಿಲ್ಸನ್ ಆಂಧ್ರದ ಅಂತರ್ಜಲದಿಂದ ‘ಆಂಧ್ರಕಾಯ್ಡಿಸ್’ ಎಂಬುದನ್ನು ಬೆಳಕಿಗೆ ತಂದರು. ಅದರ ನೆಂಟರು ಆಸ್ಟ್ರೇಲಿಯಾದಲ್ಲೂ ಇದ್ದಾರೆ! ಎರಡೂ ನೆಲ ಒಂದಾಗಿದ್ದ ಕಾಲದ ನೆಂಟಸ್ತಿಕೆ ಇದು.

ಗೋಜಲು ಇರುವುದು ಮುಂದೆ. ಕತ್ತಲಲ್ಲಿ ಬಾಳಿದ ಇವೆಲ್ಲ ನೋಡಲು ಒಂದೇ ಥರ. ಅಂಗಡಿಯಲ್ಲಿ ಎರಡು ಮೂಟೆ ಅಕ್ಕಿ ಕಣ್ಣಿಗೆ ಒಂದೇ. ಅನ್ನ ಮಾಡಿದಾಗಲೇ ತಳಿ ಬೇರೆ ಅಂತ ಗೊತ್ತಾಗೋದು. ಇಲ್ಲಿ ಒಲೆಯ ಕೆಲಸ ಮಾಡುವುದು ಜೀನ್ ಪರೀಕ್ಷೆ. ಒಂದು ಜೀನಿನ ಸುಮಾರು 650 ಅಕ್ಷರಗಳ ತುಂಡನ್ನು ಓದಿ, ಇನ್ನೊಂದು ಜೀವಿಯದರ ಜೊತೆ ತಾಳೆ ನೋಡುತ್ತಾರೆ. ಅಕ್ಷರಗಳು ಬಹಳ ಬದಲಾಗಿದ್ದರೆ ಎರಡು ವಂಶಗಳೂ ಎಂದೋ ಬೇರೆಯಾಗಿವೆ ಎಂದರ್ಥ.

ಫ್ರಾನ್ಸಿನಲ್ಲಿ ಒಂದೇ ಜಾತಿ ಎಂದು ನಂಬಿದ್ದ ‘ನಿಫಾರ್ಗಸ್ ವಿರೈ’ಯೊಳಗೆ ಮೂರು ಬೇರೆ ವಂಶಗಳಿವೆ ಎಂದು 2006ರಲ್ಲಿ ಬಯಲಾಯಿತು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಂತೂ ನೆಲದಡಿಯ ಒಂದೊಂದು ಜಲತಾಣಕ್ಕೂ ಅದರದೇ ಪ್ರತ್ಯೇಕ ವಂಶ. ನೀರಿನ ದ್ವೀಪಗಳು ಎಂದರೂ ಸರಿ.

ಭಯ ಹುಟ್ಟುವುದೇ ಇಲ್ಲಿ. ಒಂದು ಜಾತಿ ಒಂದೇ ತಾಣದಲ್ಲಿದ್ದರೆ, ಆ ತಾಣ ಬತ್ತಿದ ದಿನ ಜಾತಿಯೂ ನಿರ್ನಾಮ. ಪಕ್ಕದೂರಿಗೆ ಗುಳೆ ಹೋಗಲು ಅದಕ್ಕೆ ಬಸ್ಸಿಲ್ಲ. ನಮ್ಮ ಸೀಮೆಯದೂ ಗಟ್ಟಿ ಬಂಡೆಯ ನೆಲ, ಬಿರುಕಿನಲ್ಲಷ್ಟೇ ನೀರು. ಬೋರುಗಳು ಆಳಕ್ಕಿಳಿದಂತೆ ಸೇದುವ ಬಾವಿಗಳು ಬತ್ತುತ್ತವೆ. ಬತ್ತಿದ ಬಾವಿ ಕಸದ ತೊಟ್ಟಿಯಾಗುತ್ತದೆ.

ಕೇರಳದ ಜನ ಬೇರೆ ದಾರಿ ತೋರಿಸಿದ್ದಾರೆ. ಅಲ್ಲಿ ಬಾವಿ, ತೊಟ್ಟಿಗಳಲ್ಲಿ ಸಿಕ್ಕ ಕುರುಡು ಮೀನುಗಳನ್ನು ಮನೆಯವರು ಎಸೆಯದೆ ವಿಜ್ಞಾನಿಗಳಿಗೆ ತಿಳಿಸಿದರು. ಜೀನ್ ಓದಿದಾಗ ಹೊಸ ಜಾತಿಯೇ ಸಿಕ್ಕಿತು. 2023ರಲ್ಲಿ ಅದಕ್ಕೆ ಇಟ್ಟ ಹೆಸರು ‘ಹೊರಾಗ್ಲಾನಿಸ್ ಪಾಪುಲಿ’. ಪಾಪುಲಿ ಅಂದರೆ ಜನರದು.

ಮರಳವಾಡಿ ಸೀಮೆಯಲ್ಲೂ ಹಳೇ ಬಾವಿಗೆ ಕಸ ಸುರಿಯುವ ಮುನ್ನ ಒಂದು ಬಿಂದಿಗೆ ನೀರು ಸೇದಿ, ಬಿಳಿ ಬಟ್ಟೆಯಲ್ಲಿ ಸೋಸಿ ನೋಡಬಹುದು. ಖರ್ಚೇನೂ ಇಲ್ಲ. ಬಟ್ಟೆಯ ಮೇಲೆ ಏನಾದರೂ ಮಿಸುಕಿದರೆ, ಅದು ಊರಿಗಿಂತ ಹಳೆಯ ಒಕ್ಕಲು.